ಮಾಲೆ ಹಾಕಿದವನ ಗುಳಿಗೆ

ಅವತ್ತು ಬೆಳಿಗ್ಗೆ ನಾನು ನನ್ನ ತಮ್ಮನ ಬಾಯಿ ಮೂಸಿ ನೋಡಿದೆ.

ಯರಗಟ್ಟಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಖಾನಾವಳಿ ಇದೆ. ಅದೇ ಓಣಿಯಲ್ಲಿ ನನ್ನ ತಮ್ಮ ಮಾರುತಿಯ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ ಅವನದು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಒಳಗೆ ಬಂದವನೇ ನಿಂತಲ್ಲೇ ಮಾತು ಶುರು ಮಾಡಿದ. ಇನ್ನು ಮೇಲೆ ಯಾರ ಹತ್ತಿರವೂ ಕೂಲಿ ಮುಟ್ಟುವುದಿಲ್ಲವಂತೆ. ಸುತ್ತಲಿನ ಹಳ್ಳಿಯ ಮೋಟರೆಲ್ಲ ಧರ್ಮಕ್ಕೆ ಕಟ್ಟಿಕೊಡುತ್ತಾನಂತೆ. ವಿಠ್ಠಲನೇ ಬಂದು ಹೇಳಿದ್ದಾನಂತೆ. ನಗುತ್ತಿದ್ದ, ನಗುತ್ತಲೇ ಕಣ್ಣೀರು ಒರೆಸಿಕೊಳ್ಳುತ್ತಿದ್ದ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ನಾಷ್ಟಾಕ್ಕೆ ಕೂತಿದ್ದವರು ಕೈ ನಿಲ್ಲಿಸಿ ನೋಡತೊಡಗಿದರು.

"ಮತ್ತ ಕುಡ್ಯಾಕ ಸುರು ಹಚ್ಚ್ಯಾನ ನೋಡ್ರಿ ಅಕ್ಕಾರ," ಎಂದರು ಒಬ್ಬರು.

ನನಗೂ ಹಾಗೇ ಅನಿಸಿತು. ಹಿಟ್ಟಿನ ಕೈಯಲ್ಲೇ ಅವನ ಗದ್ದ ಹಿಡಿದು ಹತ್ತಿರ ಎಳೆದುಕೊಂಡೆ.

ವಾಸನೆ ಇರಲಿಲ್ಲ.

ಕುಡಿದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಬೈಯಬೇಕು, ಮಜ್ಜಿಗೆ ಕುಡಿಸಬೇಕು, ಮನೆಗೆ ದಬ್ಬಬೇಕು. ಅಷ್ಟು ವರ್ಷ ಅದನ್ನೇ ಮಾಡಿದ್ದೆ. ಕುಡಿಯದೆ ಹೀಗಾದವನನ್ನು ಏನು ಮಾಡಬೇಕು? ಗಿರಾಕಿಗಳ ಮುಂದೆಯೇ ಒಲೆ ಆರಿಸಿ, ಅವರನ್ನು ಎಬ್ಬಿಸಿ ಬಾಗಿಲು ಎಳೆದೆ.

ಮಾರುತಿಯ ಕುಡಿತ ಹಳೆಯದು. ವರ್ಷದಲ್ಲಿ ಕೆಲವು ಕಾಲ ಊರ ಉಸಾಬರಿಯೆಲ್ಲ ತನ್ನದೇ ಎಂಬಂತೆ ತಿರುಗುತ್ತಿದ್ದ, ನಿದ್ದೆ ಬರುತ್ತಿರಲಿಲ್ಲ, ನಿದ್ದೆ ಬರಲಿ ಎಂದು ಕುಡಿಯುತ್ತಿದ್ದ. ಇನ್ನು ಕೆಲವು ಕಾಲ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಸ್ನಾನ ಇಲ್ಲ, ಅಂಗಡಿ ಇಲ್ಲ, ಮಗಳು ಕರೆದರೂ ತಿರುಗುತ್ತಿರಲಿಲ್ಲ, ಎದ್ದರೆ ಕುಡಿಯಲಿಕ್ಕೆ ಮಾತ್ರ ಏಳುತ್ತಿದ್ದ. ಎರಡನ್ನೂ ನಾವು ಕುಡಿತದ ಲೆಕ್ಕಕ್ಕೇ ಹಾಕಿದ್ದೆವು. ನಾವಷ್ಟೇ ಅಲ್ಲ, ಇಡೀ ಓಣಿ ಹಾಗೇ ಹಾಕಿತ್ತು.

ತೋರಿಸಿರಲಿಲ್ಲ ಅಂತಲ್ಲ. ಕುಡಿತ ಬಿಡಿಸುವವರ ಹತ್ತಿರ ಒಯ್ದಾಗ ಅವರು ಕುಡಿತದ ಬಗ್ಗೆ ಕೇಳಿದರು, ಗೋಡೆಯ ಕಡೆ ತಿರುಗಿ ಮಲಗುವುದರ ಬಗ್ಗೆ ಕೇಳಲಿಲ್ಲ. ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಒಯ್ದಾಗ "ಮೊದಲ ಕುಡಿಯೋದು ಬಿಡಿಸ್ಕೊಂಡ ಬರ್ರಿ, ಆಮ್ಯಾಲ ನೋಡೂಣು," ಎಂದರು. ಇವರು ಅವರತ್ತ ಕಳಿಸುವುದು, ಅವರು ಇವರತ್ತ ಕಳಿಸುವುದು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಇವ ನಡುವ ಎಲ್ಲಿ ಕುಂದ್ರಬೇಕ್ರಿ, ಬಸ್ ಸ್ಟ್ಯಾಂಡಿನಾಗೇನು?" ಎಂದು ಕೇಳಿಯೇ ಬಂದಿದ್ದೆ.

ಕೊನೆಗೆ ಅವನೇ ಒಂದು ದಾರಿ ಹಿಡಿದ. ರಾಮದುರ್ಗದಲ್ಲಿ ಭಜನೆ ನಡೆಸುವ ಹಿರಿಯ ವಾರಕರಿ ಮಹಾರಾಜರೊಬ್ಬರಿದ್ದಾರೆ. ಅವರ ಕೈಯಿಂದ ತುಳಸಿ ಮಾಲೆ ಹಾಕಿಸಿಕೊಂಡು ಬಂದ. ಪಂಢರಪುರದ ವಿಠ್ಠಲನ ಹೆಸರಿನಲ್ಲಿ ಆ ಮಾಲೆ ಕೊರಳಿಗೆ ಬಿತ್ತೆಂದರೆ ಮುಗಿಯಿತು. ಮಾಂಸ ಇಲ್ಲ, ಸೆರೆ ಇಲ್ಲ, ಯಾವ ನಶೆಯೂ ಇಲ್ಲ. ಡಾಕ್ಟರಿಗೆ ಬಗ್ಗದವರೂ ನಮ್ಮ ಕಡೆ ಮಾಲೆಗೆ ಬಗ್ಗುತ್ತಾರೆ. ಮಾರುತಿ ನಿಜವಾಗಿಯೂ ಬಿಟ್ಟ. ಅವನ ಹೆಂಡತಿ ಸವಿತಾ ಆ ದಿನಗಳಲ್ಲಿ ನಕ್ಕಷ್ಟು ಮದುವೆಯಾದ ಮೇಲೆ ಎಂದೂ ನಕ್ಕಿರಲಿಲ್ಲ. ಸಂಜೆ ಭಜನೆಗೆ ಹೋಗುತ್ತಿದ್ದ. ಆಮೇಲೆ ಭಜನೆ ಮುಗಿದರೂ ಮನೆಗೆ ಬರುವುದನ್ನು ಬಿಟ್ಟ. ನಿದ್ದೆ ಬಿಟ್ಟ. "ಭಕ್ತಿ ಹೆಚ್ಚಾಗೇತಿ," ಎಂದರು ಜನ. ಹಾಗೆ ಹೆಚ್ಚಾಗುತ್ತಾ ಹೋಗಿ ಆ ಬೆಳಿಗ್ಗೆ ನನ್ನ ಖಾನಾವಳಿಗೆ ಬಂದು ನಿಂತಿದ್ದ.

ಸವಿತಾ ಮತ್ತು ನಾನು ಅವನನ್ನು ನಡುವೆ ಕೂರಿಸಿಕೊಂಡು ಧಾರವಾಡದ ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಹಾಡಿದ. ಒಪಿಡಿಯಲ್ಲಿ ಸಿಕ್ಕವರು ಒಬ್ಬ ಹೆಣ್ಣು ಡಾಕ್ಟರ್, ನಮ್ಮ ಕಡೆ ಡಾಕ್ಟರ್ ಬಾಯಿ ಎನ್ನುತ್ತೇವೆ. ನನ್ನ ವಯಸ್ಸಿನವರು, ಕನ್ನಡಕ ಹಣೆಯ ಮೇಲೆ ಏರಿಸಿ ಮಾತಾಡುತ್ತಾರೆ. ನಾನು ಕುಡಿತದ ಪುರಾಣ ಬಿಚ್ಚಿದೆ. ಪೂರ್ತಿ ಕೇಳಿದರು.

"ಕುಡದಾಗ ಹೆಂಗಿರ್ತಾರ ಅಂತ ಹೇಳಿದ್ರಿ. ಕುಡೀಲಾರದಾಗ ಹೆಂಗಿರ್ತಾರ, ಅದನ್ನ ಹೇಳ್ರಿ," ಎಂದರು.

ಅಲ್ಲಿಯವರೆಗೆ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನು ಸವಿತಾಳ ಕಡೆ ನೋಡಿದೆ. ಸವಿತಾ ಹೇಳಿದಳು. ಅಷ್ಟು ವರ್ಷ ಮೆತ್ತಗೆ ಬಾಯಿ ಮುಚ್ಚಿಕೊಂಡಿದ್ದ ಹುಡುಗಿ ಒಂದೊಂದಾಗಿ ಎಲ್ಲ ಹೇಳಿದಳು. ಮಗಳು ಹುಟ್ಟಿದ ವರ್ಷ ಒಂದು ಹನಿ ಮುಟ್ಟದೆಯೂ ಹೇಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಎಂಬುದನ್ನೂ ಹೇಳಿದಳು.

ವಾರ್ಡಿಗೆ ಸೇರಿಸಿಕೊಂಡರು. ಕೆಲವು ದಿನಗಳಾದ ಮೇಲೆ ನಮ್ಮನ್ನು ಕರೆದು ಕೂರಿಸಿದರು. ಡಾಕ್ಟರ್ ಬಾಯಿಯ ಜೊತೆಗೆ ಸೈಕಾಲಜಿಸ್ಟ್ ಇದ್ದರು, ಮನೆಯ ಕಷ್ಟಸುಖ ವಿಚಾರಿಸುವ ಸೋಶಿಯಲ್ ವರ್ಕರ್ ಇದ್ದರು. ಎಲ್ಲರೂ ಒಂದೇ ಮೇಜಿನ ಸುತ್ತ.

"ಇವರಿಗೆ ಎರಡು ಬ್ಯಾನಿ ಅದಾವ್ರಿ. ಒಂದು ಬೈಪೋಲಾರ್. ಮನಸ್ಸು ಭಾಳ ಮ್ಯಾಲ ಏರತೈತಿ, ಭಾಳ ಕೆಳಗ ಇಳೀತೈತಿ. ಇನ್ನೊಂದು ಕುಡಿತದ ಚಟ, ಅದೂ ಬ್ಯಾನಿನ. ಒಂದು ಇನ್ನೊಂದನ್ನ ಕೆಣಕತೈತಿ. ಒಂದಕ್ಕ ಔಷಧ ಕೊಟ್ಟು ಇನ್ನೊಂದನ್ನ ಬಿಟ್ರ ನಡಿಯಂಗಿಲ್ಲ. ಎರಡನ್ನೂ ಕೂಡೇ ನಾವ ನೋಡ್ತೇವಿ, ಇಲ್ಲೇ."

ನಾವ ನೋಡ್ತೇವಿ, ಇಲ್ಲೇ. ಆ ಎರಡು ಮಾತಿಗೆ ನಾನು ಅತ್ತೆ. ತಮ್ಮನಿಗೆ ಹುಚ್ಚು ಎಂದರಲ್ಲ ಎಂದು ಅಳುತ್ತಿದ್ದೇನೆ ಎಂದುಕೊಂಡು ಸೋಶಿಯಲ್ ವರ್ಕರ್ ನೀರು ತಂದುಕೊಟ್ಟರು. ಅದಕ್ಕಲ್ಲ. ಯಾರೂ ನಮ್ಮನ್ನು ಮತ್ತೊಂದು ಕಡೆ ಕಳಿಸಲಿಲ್ಲ ಎಂದು ಅತ್ತದ್ದು.

ಡಾಕ್ಟರ್ ಬಾಯಿ ಇಂಥ ಜೋಡಿ ಬೇನೆಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದರು. ಮಾರುತಿಯ ಒಪ್ಪಿಗೆ ಕೇಳಿ ಅವನ ಕಥೆಯನ್ನೂ ಅದರಲ್ಲಿ ಸೇರಿಸಿಕೊಂಡರು. "ನನ್ನ ಕೆಟ್ಟ ಕಥಿ ಯಾರಿಗೆ ಬೇಕ್ರಿ?" ಎಂದನಂತೆ. "ನಮಗ ಬೇಕು. ಹೇಳ್ರಿ," ಎಂದರಂತೆ. ಡಿಸ್ಚಾರ್ಜ್ ಆಗುವಾಗ ಮಾರುತಿ ಮೊದಲಿನ ಮಾರುತಿಯಾಗಿದ್ದ. ಮೆಲ್ಲಗೆ ಮಾತು, ಮೆಲ್ಲಗೆ ನಗು. ಗುಳಿಗೆಗಳನ್ನು ಸವಿತಾಳ ಕೈಗೆ ಕೊಟ್ಟು ಕಳಿಸಿದರು.

ಒಂದಷ್ಟು ವಾರ ಎಲ್ಲ ಚೆನ್ನಾಗಿತ್ತು. ಅಂಗಡಿ ತೆಗೆಯುತ್ತಿದ್ದ. ಆಮೇಲೆ ಮಧ್ಯಾಹ್ನಕ್ಕೇ ಮುಚ್ಚತೊಡಗಿದ. ಊಟಕ್ಕೆ ಬಂದರೆ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದ. ಕೇಳಿದರೆ "ಹಸಿವಿಲ್ಲ ಅಕ್ಕಾ," ಅಷ್ಟೇ. ಒಂದು ದಿನ ಸವಿತಾ ಫೋನ್ ಮಾಡಿದಳು.

"ಅಕ್ಕಾರ, ಲಗೂನ ಬರ್ರಿ. ಇವರು, ನಾ ಇಲ್ಲದಿದ್ರ ನೀವೆಲ್ಲಾ ಆರಾಮ ಇರ್ತೀರಿ ಅನ್ನಾಕತ್ತಾರ. ಅಂಗಡಿ ಕೀಲಿ ನಿಮಗ ಕೊಡು ಅನ್ನಾಕತ್ತಾರ."

ಒಲೆಯ ಮೇಲಿನ ರೊಟ್ಟಿ ಹಾಗೇ ಬಿಟ್ಟು ಓಡಿದೆ.

ಅವನು ಅಳುತ್ತಿರಲಿಲ್ಲ, ಸಿಟ್ಟಿಗೂ ಬಂದಿರಲಿಲ್ಲ. ತಣ್ಣಗೆ ಕೂತಿದ್ದ. ಅದಕ್ಕೇ ನಾನು ಹೆಚ್ಚು ಹೆದರಿದೆ. ಸಿಕ್ಕ ಗಾಡಿ ಹತ್ತಿಸಿ, ಅವನ ಕೈ ಬಿಡದೆ ಧಾರವಾಡಕ್ಕೆ ಒಯ್ದೆವು. ಬದುಕಿ ಉಳಿದರೆ ಸಾಕು, ಬೇರೇನೂ ಬೇಡ ಎಂದು ದಾರಿಯಲ್ಲಿ ನೆನಪಾದ ದೇವರಿಗೆಲ್ಲ ಹೇಳಿಕೊಂಡೆ.

ಡಾಕ್ಟರ್ ಬಾಯಿ ಅವನನ್ನು ನೋಡಿ, ಮೈಗೆ ಔಷಧ ಎಷ್ಟು ಹತ್ತಿದೆ ಎಂದು ತಿಳಿಯಲು ರಕ್ತ ತೆಗೆಸಿ, ಮೆತ್ತಗೆ ಕೇಳಿದರು. "ಗುಳಿಗಿ ಬಿಟ್ಟೀರೇನು?"

ಬಿಟ್ಟಿದ್ದ. ಸವಿತಾ ಕೊಟ್ಟದ್ದನ್ನು ಬಾಯಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋಗಿ ಉಗುಳುತ್ತಿದ್ದ. ಕೇಳಿ ನನ್ನ ಪಿತ್ತ ನೆತ್ತಿಗೇರಿತು. "ಲೇ ಹುಚ್ಚಪ್ಯಾಲಿ, ಸಾಯಾಕ ಇಷ್ಟು ಗಡಿಬಿಡಿ ಏನಲೇ ನಿನಗ?" ಎಂದು ಆಸ್ಪತ್ರೆ ಎಂಬುದನ್ನೂ ಮರೆತು ಕೂಗಿದೆ. ಡಾಕ್ಟರ್ ಬಾಯಿ ನನ್ನ ಕೈ ಹಿಡಿದು ಕೂರಿಸಿದರು. ಅವನತ್ತ ತಿರುಗಿ, ಯಾಕೆ ಎಂದಷ್ಟೇ ಕೇಳಿದರು. ಅವನು ಕೊರಳಿನ ಮಾಲೆ ಹಿಡಿದುಕೊಂಡ.

"ಗುಳಿಗಿ ತಗೊಂಡ್ರ ತಲಿ ಜಡ ಆಗತೈತ್ರಿ. ಮಂಪರ ಬರತೈತಿ. ಕುಡದಾಗ ಹಂಗ ಆಗತಿತ್ತು. ಮಾಲಿ ಹಾಕ್ಕೊಂಡು ನಶಾ ಮಾಡಿದಂಗ ಆತಲ್ರಿ. ಇಡೀ ಜನ್ಮದಾಗ ಅದೊಂದು ಮಾತು ಉಳಿಸ್ಕೊಂಡೇನ್ರಿ ನಾ."

ನಮ್ಮ ಕಣ್ಣು ತಪ್ಪಿಸಿ ಕಳ್ಳಾಟ ಆಡುತ್ತಿದ್ದಾನೆ ಎಂದುಕೊಂಡಿದ್ದೆ. ಅವನು ತನ್ನ ಮಾತು ಕಾಯುತ್ತಿದ್ದ.

ಬೇರೆ ಡಾಕ್ಟರಾಗಿದ್ದರೆ ಮೂಢನಂಬಿಕೆ ಎಂದು ಭಾಷಣ ಕೊಡುತ್ತಿದ್ದರೇನೋ. ಇವರು ಮತ್ತೆ ವಾರ್ಡಿಗೆ ಸೇರಿಸಿಕೊಂಡು, ಯಾರಾದರೂ ಜೊತೆಯಲ್ಲೇ ಇರುವಂತೆ ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು. "ಮಾಲಿ ಹಾಕಿದ ಮಹಾರಾಜರನ್ನ ಇಲ್ಲಿಗೆ ಕರಕೊಂಡ ಬರಾಕ ಆಗತೈತೇನ್ರಿ?"

ನಾನೇ ರಾಮದುರ್ಗಕ್ಕೆ ಹೋದೆ. ಮಹಾರಾಜರು ಬಿಳಿ ಟೋಪಿ, ಧೋತರ, ಹಣೆಗೆ ಗಂಧ ಹಚ್ಚಿಕೊಂಡು ಬಂದರು. ಮುಖ ಮಾತ್ರ ಗಂಟು. ಬಂದವರೇ ಡಾಕ್ಟರ್ ಬಾಯಿಯನ್ನು ನೇರವಾಗಿ ಕೇಳಿದರು.

"ಮಂಪರ ಬರತೈತಿ ಅಂತ ಹುಡುಗ ಹೇಳ್ತಾನ. ಹಂಗಾರ ಅದು ನಶಾ ಅಲ್ಲೇನ್ರಿ?"

"ಮಂಪರ ಬರೋದು ಖರೇನ ಐತ್ರಿ, ಅಜ್ಜಾರ. ಅವರು ಸುಳ್ಳು ಹೇಳಿಲ್ಲ. ಅದನ್ನ ನಾವು ಮೊದಲ ಕೇಳಿ ತಿಳ್ಕೋಬೇಕಿತ್ತು. ಈಗ ಗುಳಿಗಿ ಬದಲಿ ಮಾಡೇವಿ, ಜಡ ಕಮ್ಮಿ ಆಗತೈತಿ." ಕನ್ನಡಕ ಹಣೆಗೇರಿಸಿಕೊಂಡರು. "ಆದ್ರ ಒಂದು ಮಾತು. ಸೆರೆ ಕುಡದವ್ರು ಇನ್ನಷ್ಟು ಬೇಕು ಅಂತಾರ. ನಮ್ಮ ಈ ಗುಳಿಗಿ ಇನ್ನಷ್ಟು ಕೊಡ್ರಿ ಅಂತ ಇವರು ಒಂದು ದಿನಾನೂ ಕೇಳಿಲ್ಲ. ಬ್ಯಾಡ ಬ್ಯಾಡ ಅನ್ನೋರಿಗೆ ನಾವು ಬೆನ್ನ ಹತ್ತಿ ಕೊಡಾಕತ್ತೇವಿ."

ಮಹಾರಾಜರು ಮಾರುತಿಯ ಕಡೆ ತಿರುಗಿದರು.

"ಏನೋ, ಗುಳಿಗಿ ತಿನ್ನಬೇಕು ಅಂತ ಆಸೆ ಆಗತೈತೇನು?"

"ಇಲ್ರಿ ಮಹಾರಾಜ. ಅದರ ಮಾರಿ ನೋಡಾಕೂ ಮನಸಿಲ್ಲ."

ಮಹಾರಾಜರ ಮುಖದ ಗಂಟು ಸಡಿಲವಾಯಿತು. ಹೊಟ್ಟೆ ಕುಲುಕಿಸಿ ನಕ್ಕರು. ಸವಿತಾ ನಕ್ಕಳು, ನಾನೂ ನಕ್ಕೆ, ಕಡೆಗೆ ಮಾರುತಿಯ ತುಟಿಯೂ ಅಷ್ಟು ದಿನಗಳ ಮೇಲೆ ಒಂಚೂರು ಅಲುಗಿತು. "ಆಸೇನ ಇಲ್ಲಂದ ಮ್ಯಾಲ ನಶಾ ಹೆಂಗ ಆಗತೈತಲೇ?" ಎಂದರು ಮಹಾರಾಜರು. ಅವನ ಹತ್ತಿರ ಸರಿದು ಮಾಲೆ ಸರಿಮಾಡಿದರು. "ಹಾಕಿದವ ನಾನು. ಮುರಿದೈತೋ ಇಲ್ಲೋ ನಾ ಹೇಳ್ತೇನಿ. ಮುರಿದಿಲ್ಲ. ತಗೋ." ನರ್ಸಿನ ಕೈಯಿಂದ ಗುಳಿಗೆ ಇಸಿದುಕೊಂಡು ತಾವೇ ಅವನ ಅಂಗೈಗೆ ಹಾಕಿದರು. ಅವನು ನುಂಗಿದ. ಉಗುಳಲಿಲ್ಲ.

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕತ್ತಲೆಯಿಂದ ಅವನು ಹೊರಬರಲು ತಿಂಗಳುಗಳೇ ಬೇಕಾದವು. ಒಮ್ಮೆ ಒಂದು ಲಗ್ನದಲ್ಲಿ ಮಾಲೆ ತೆಗೆದಿಟ್ಟು ಕುಡಿದ. ಮರುದಿನ ಹುಳ್ಳಗಿನ ಮುಖ ಮಾಡಿಕೊಂಡು ಬಂದ. ನಾನು ಬೈಯಲು ಬಾಯಿ ತೆರೆದೆ, ಆದರೆ ಸೈಕಾಲಜಿಸ್ಟ್ ಹೇಳಿಕೊಟ್ಟಿದ್ದು ನೆನಪಾಗಿ ಚಹಾ ಕೊಟ್ಟು, ಆಸ್ಪತ್ರೆಗೆ ಫೋನ್ ಹಚ್ಚಿದೆ. ಅವರೂ ಬೈಯಲಿಲ್ಲ. ಬರ್ರಿ ಎಂದರು. ಮಹಾರಾಜರೂ ಬಾ, ಮಾಲಿ ಮತ್ತ ಹಾಕ್ತೇನಿ ಎಂದರು. ಕುಡಿತದ ಆಸೆ ಎದ್ದಾಗ ಏನು ಮಾಡಬೇಕು, ನಿದ್ದೆ ಕೆಟ್ಟರೆ ಯಾಕೆ ಹುಷಾರಾಗಬೇಕು ಎಂಬುದನ್ನು ಅವನನ್ನೂ ನಮ್ಮನ್ನೂ ಕೂರಿಸಿಕೊಂಡು ಆಸ್ಪತ್ರೆಯವರು ಕಲಿಸಿದರು. ಸೋಶಿಯಲ್ ವರ್ಕರ್ ಈಗಲೂ ಫೋನ್ ಮಾಡಿ ಸವಿತಾಳನ್ನು, "ನೀವು ಊಟ ಮಾಡಿದ್ರೇನು?" ಎಂದು ಕೇಳುತ್ತಾರೆ. ಆ ಹುಡುಗಿಗೆ ಊಟ ಆಯಿತೇ ಎಂದು ಕೇಳಿದವರು ಅವರೇ ಮೊದಲು. ಅಂಥವರಿಗೆ ಕೈ ಮುಗಿದರೆ ಸಾಲದು.

ಹೋದ ಸಲ ಹೋದಾಗ ಡಾಕ್ಟರ್ ಬಾಯಿ ಒಂದು ವಿಷಯ ಹೇಳಿದರು. ಈಗ ಹೊಸಬರು ಯಾರೇ ಬಂದರೂ, ಏನಾದರೂ ಹರಕೆ ಇದೆಯೇ, ಆಣೆ ಮಾಡಿದ್ದೀರಾ, ಮಾಲೆ ಹಾಕಿದ್ದೀರಾ ಎಂದು ಮೊದಲೇ ಕೇಳುತ್ತಾರಂತೆ. "ನಿಮ್ಮ ಮಾರುತಿ ಕಲಿಸಿದ್ದು ಇದು," ಎಂದರು. ಮಾರುತಿ ನಾಚಿ ನೆಲ ನೋಡಿದ. ಗುಳಿಗೆ ಉಗುಳಿದವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಮೊನ್ನೆ ಖಾನಾವಳಿಯಲ್ಲಿ ಗಿರಾಕಿ ತುಂಬಿದ್ದರು. ಮಾರುತಿ ಬಂದು ದುಡ್ಡಿನ ಗಲ್ಲೆಯ ಹತ್ತಿರ ನಿಂತು ತನ್ನ ಫೋನ್ ತೆಗೆದ. ಮರೆಗೆ ಹೋಗಲಿಲ್ಲ, ಧ್ವನಿಯನ್ನೂ ಇಳಿಸಲಿಲ್ಲ.

"ನಮಸ್ಕಾರ್ರಿ ಡಾಕ್ಟರ್ ಬಾಯಾರ. ಯರಗಟ್ಟಿ ಮಾರುತಿ ಮಾತಾಡಾಕತ್ತೇನ್ರಿ. ಕುಡದಿಲ್ರಿ. ಗುಳಿಗಿನೂ ಬಿಟ್ಟಿಲ್ರಿ. ಆದ್ರೂ ನಿದ್ದಿ ಕೆಟ್ಟೈತ್ರಿ, ಮಾತು ಹೆಚ್ಚಾಗೇತಿ ಅನ್ನಸಾಕತ್ತೈತಿ... ಹೂಂರಿ. ನಾಳೆ ಬರತೇನ್ರಿ."

ಉಣ್ಣುತ್ತಿದ್ದವರು ತಲೆ ಎತ್ತಿದರು. ನಾನು ಒಬ್ಬೊಬ್ಬರ ಮುಖ ನೋಡಿದೆ, ಯಾರಾದರೂ ಕಿಸಕ್ಕೆಂದರೆ ಲಟ್ಟಣಿಗೆ ಎತ್ತಲು ತಯಾರಿದ್ದೆ. ಯಾರೂ ನಗಲಿಲ್ಲ. ಒಬ್ಬರು ಪಲ್ಯ ಕೇಳಿದರು, ಬಡಿಸಿದೆ.

"ನಾಳೆ ನಾನೂ ಬರತೇನಿ," ಎಂದೆ.

"ಬ್ಯಾಡ ಅಕ್ಕಾ. ನೀ ಬಂದ್ರ ಖಾನಾವಳಿ ಬಂದ್ ಆಗತೈತಿ. ನಾ ಒಬ್ಬವ್ನ ಹೋಗಿ ಬರತೇನಿ."

ಒಬ್ಬನೇ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮರುದಿನ ಬಸ್ಸು ಹತ್ತಿ ಕಿಟಕಿಯಿಂದ ಕೈ ಮಾಡಿದ. ದಿನವಿಡೀ ನನ್ನ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ. ಧಾರವಾಡದ ದಾರಿಯಲ್ಲಿ ಎಷ್ಟು ಸೆರೆ ಅಂಗಡಿ ಇವೆಯೋ ಅಷ್ಟೂ ನನ್ನ ತಲೆಯಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದವು. ಫೋನ್ ಹಚ್ಚಬಾರದು ಎಂದು ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಸಂಜೆ ಬಸ್ಸಿನಿಂದ ಇಳಿದು ನೇರ ಒಳಗೆ ಬಂದ. ಗುಳಿಗೆಯ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ನನಗೆ ತೋರಿಸಲೂ ಇಲ್ಲ. ನಾನೂ ಕೇಳಲಿಲ್ಲ.

"ಭಾಳ ಹಸಿವಾಗೇತಿ ಅಕ್ಕಾ," ಎಂದು ಕೈ ತೊಳೆದುಕೊಂಡು ಕೂತ.