ಪಟ್ಟದ ಗೊಂಬೆಯ ಹಿಂದಿನ ಹೊಗೆ

ಕರ್ಪೂರದ ವಾಸನೆ ಬಂದರೆ ನಾನು ಈಗಲೂ ಮೊದಲು ಪ್ಲಗ್ಗಿನ ಕಡೆ ನೋಡುತ್ತೇನೆ. ನೆಂಟರು ನಗುತ್ತಾರೆ. ನಗಲಿ.

ಚಾಮರಾಜಪೇಟೆಯ ನಮ್ಮ ನಡುಮನೆ ಚಿಕ್ಕದು. ದಸರಾ ಬಂದರೆ ಟಿವಿ ಕೆಳಗಿನ ಸ್ಟ್ಯಾಂಡೇ ಗೊಂಬೆಗಳಿಗೆ ಮೇಲಿನ ಮೆಟ್ಟಿಲು. ಅದರ ಮುಂದೆ ಹಲಗೆಗಳು, ಎಲ್ಲದರ ಮೇಲೆ ಬಿಳಿ ಪಂಚೆ. ಕಳೆದ ವರ್ಷ ಸ್ಟ್ಯಾಂಡಿನ ಗೂಡಿನಲ್ಲಿದ್ದ ನನ್ನ ಗಂಡನ ವಿಡಿಯೊ ಗೇಮ್ ಪೆಟ್ಟಿಗೆಯೂ ಪಂಚೆಯೊಳಗೆ ಸೇರಿತು. ಟಿವಿ ಗೋಡೆಯ ಮೇಲಿತ್ತು, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೆ ವೈರಿಲ್ಲ. ಹಾಗಾಗಿ ಗೊಂಬೆಗಳ ತಲೆಯ ಮೇಲೆ ಸಂಜೆಯ ಕ್ರಿಕೆಟ್ ಆಟ ನಿಲ್ಲಲಿಲ್ಲ.

ಒಂದು ಸಂಜೆ ಅತ್ತೆ ಆರತಿಗೆ ಕೂತಿದ್ದರು. ಪಂಚೆಯೊಳಗೆ ಗೇಮ್ ಪೆಟ್ಟಿಗೆಯ ಫ್ಯಾನ್ ಮಿಕ್ಸಿಯಂತೆ ಕೂಗುತ್ತಿತ್ತು.

“ಏನೋ, ನಿನ್ನ ಪೆಟ್ಟಿಗೆ ನನಗಿಂತ ಜೋರಾಗಿ ಭಜನೆ ಮಾಡ್ತಿದೆ,” ಎಂದರು ಮಗನಿಗೆ.

“ಇನ್ನೆರಡು ಓವರ್ ಅಮ್ಮ.”

ಬಿಸಿಯಾಗಿದೆ ಎಂದು ಪರದೆಯಲ್ಲಿ ತೋರಿಸಿ ಅದು ತಾನೇ ಆರಿತು. ಗಂಡ ಮತ್ತೆ ಆನ್ ಮಾಡಿದರು. ಮತ್ತೆ ಆರಿತು, ಮತ್ತೆ ಆನ್ ಮಾಡಿದರು. ಆಮೇಲೆ ಒಂದು ವಾಸನೆ. ಅತ್ತೆ ಕರ್ಪೂರ ಎಂದುಕೊಂಡರು. ಕರ್ಪೂರ ಇನ್ನೂ ಹಚ್ಚಿರಲಿಲ್ಲ. ಪಟ್ಟದ ಗೊಂಬೆಗಳ, ಅಂದರೆ ಮರದ ರಾಜ ರಾಣಿಯರ, ಹಿಂದೆ ಪಂಚೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ರಾಜನ ಪೇಟದ ಪಕ್ಕದಲ್ಲಿ ಹೊಗೆಯ ಎಳೆಯೊಂದು ಎದ್ದಿತು.

“ಅತ್ತೆ, ಏಳಿ.” ಗೋಡೆಯ ಸ್ವಿಚ್ ಆರಿಸಿ ಪಂಚೆಗೆ ಕೈ ಹಾಕಿದೆ.

“ಪಟ್ಟದ ಗೊಂಬೆ ಮುಟ್ಬೇಡ ಕಣೆ. ವಿಜಯದಶಮಿಗೆ ಮುಂಚೆ ಮಲಗಿಸಬಾರದು.”

ಆ ಜೋಡಿ ಅವರ ಮದುವೆಯಲ್ಲಿ ತವರಿನವರು ಕೊಟ್ಟದ್ದು. ನನಗೆ ಗೊತ್ತಿತ್ತು. ಎಳೆದೆ. ಗೊಂಬೆಗಳೆಲ್ಲ ಉರುಳಿದವು, ರಾಣಿಯ ತೋಳು ಮುರಿಯಿತು. ಪಂಚೆಯ ಅಂಚಿನಲ್ಲಿ ಕೆಂಡದ ಗೆರೆ ಹರಿಯುತ್ತಿತ್ತು. ಅಲ್ಲಿಂದ ಅತ್ತೆಯ ರೇಷ್ಮೆ ಸೆರಗಿಗೆ ಒಂದು ಗೇಣು. ಬಾಗಿಲ ಬಳಿಯ ಕಾಲೊರಸು ತಂದು ಬಡಿದು ಆರಿಸಿದೆ. ಆ ಗೇಣು ಇಂದಿಗೂ ನನ್ನ ಕಣ್ಣೆದುರಿಗಿದೆ.

ನೆಂಟರಲ್ಲಿ ಕೆಲವರು ಗೇಮ್ ಆಡಿದ್ದಕ್ಕೇ ಹೀಗಾಯಿತು ಅಂದರು. ಉಳಿದವರು ಸೊಸೆ ಗೊಂಬೆ ಕೆಡವಿದ್ದು ಅಪಶಕುನ ಅಂದರು. ಎರಡನ್ನೂ ನಾನು ಒಪ್ಪುವುದಿಲ್ಲ. ಪೆಟ್ಟಿಗೆಯೊಳಗಿನ ಚಿಪ್ ದುಡಿದಷ್ಟೂ ಬಿಸಿಯಾಗುತ್ತದೆ. ಫ್ಯಾನ್ ಒಂದು ಕಡೆ ತಣ್ಣನೆ ಗಾಳಿ ಎಳೆದು ಇನ್ನೊಂದು ಕಡೆ ಬಿಸಿ ಗಾಳಿ ತಳ್ಳಬೇಕು. ಪಂಚೆಯೊಳಗೆ ಅದು ತಾನು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ವರ್ಷಗಳ ಧೂಳು ಬೇರೆ. ಸಾಕು ಎಂದು ಪೆಟ್ಟಿಗೆ ತಾನೇ ಆರಿ ಆರಿ ಹೇಳಿತು. ಯಾರೂ ಕೇಳಲಿಲ್ಲ. ಇದರಲ್ಲಿ ಶಕುನ ಎಲ್ಲಿ ಬಂತು?

ಈ ದಸರಾಕ್ಕೆ ಗಂಡನ ಅಕ್ಕ ಫೋನ್ ಮಾಡಿದರು. “ಗೊಂಬೆ ಕೂರಿಸೋಕೆ ಮುಂಚೆ ಅಮ್ಮಂಗೆ ತಪ್ಪಾಯ್ತು ಅಂದ್ಬಿಡು.”

“ಅನ್ನಲ್ಲ ಅತ್ತಿಗೆ. ಇವತ್ತು ಹಂಗಾದ್ರೂ ಎಳಿತೀನಿ.”

ಪಕ್ಕದಲ್ಲೇ ಗೊಂಬೆ ಒರೆಸುತ್ತಿದ್ದ ಅತ್ತೆಗೆ ಕೇಳಿಸಿತು. ತೋಳು ಅಂಟಿಸಿದ ರಾಣಿಯನ್ನು ಮೇಲಿಟ್ಟರು. ಆಮೇಲೆ ಹೊಸ ಗೇಮ್ ಪೆಟ್ಟಿಗೆಯ ಮುಂದೆ ಪಂಚೆಯನ್ನು ಸ್ವಲ್ಪ ಎತ್ತಿ ಹಿಡಿದರು.

“ಇಷ್ಟು ಸಂದು ಸಾಕಾ?”

“ಸಾಲದು ಅತ್ತೆ. ಪೆಟ್ಟಿಗೆನೇ ಆಚೆ ಇಡೋಣ.”

“ಇಡು. ಆದ್ರೆ ರಾಣಿನ ಮುಟ್ಬೇಡ.”

“ಹೊಗೆ ಬಂದ್ರೆ ಮುಟ್ತೀನಿ,” ಅಂದೆ.