ಚಿಕ್ಕಮ್ಮನ ಮಲ್ಲಿಗೆ ಕುಂಡ

ಮೈಸೂರಿನಿಂದ ಬೆಳಿಗ್ಗೆ ಬಂದಿಳಿದ ನನ್ನನ್ನು ಚಿಕ್ಕಮ್ಮ ನೇರವಾಗಿ ಜಯನಗರದ ಮಾರ್ಕೆಟ್ಟಿಗೆ ಕರೆದೊಯ್ದರು. ಯುಗಾದಿ ಹತ್ತಿರವಿತ್ತು, ಕಾಲಿಡಲು ಜಾಗವಿರಲಿಲ್ಲ. ಮಾವಿನಕಾಯಿ ಕೊಂಡು, ನಿಂತಲ್ಲೇ ಬೆಣ್ಣೆ ಗುಲ್ಕನ್ ತಿಂದೆವು. ಹೂ ಮಾರುವಾಕೆ ನನಗೆ ಮಲ್ಲಿಗೆ ಅಳೆಯುತ್ತ, "ಅಕ್ಕ, ನಿಮ್ಗೂ ಒಂದ್ ಮೊಳ ಕೊಡ್ಲಾ?" ಎಂದು ಚಿಕ್ಕಮ್ಮನನ್ನು ಕೇಳಿದಳು.

"ನಂಗ್ ಬೇಡಮ್ಮ."

ಚಿಕ್ಕಪ್ಪ ಹೋದಮೇಲೆ ಅವರು ಹೂ ಮುಡಿದಿಲ್ಲ. ಮುಡಿಯಬೇಡ ಎಂದು ಮನೆಯಲ್ಲಿ ಯಾರೂ ಹೇಳಿಲ್ಲ. ಮುಡಿ ಎಂದೂ ಹೇಳಿಲ್ಲ. ನನಗೆ ಸುಮ್ಮನೆ ರೇಗಿತು. ಅವರೋ, ಸ್ವಲ್ಪ ಮುಂದೆ ಗಿಡದ ಗಾಡಿ ಕಂಡದ್ದೇ, ಮೊಗ್ಗು ತುಂಬಿದ ದುಂಡು ಮಲ್ಲಿಗೆ ಗಿಡವೊಂದನ್ನು ಮಗುವಿನಂತೆ ಎತ್ತಿಕೊಂಡರು.

ಮನೆಯ ತಾರಸಿಯಲ್ಲಿ ಇಬ್ಬರೂ ಸೇರಿ ಅದನ್ನು ಕುಂಡಕ್ಕೆ ನೆಟ್ಟೆವು. "ಗಿಡದ್ದೊಂದು ಫೋಟೊ ತೆಗಿಯೇ," ಎಂದವರು ಅತ್ತ ತಿರುಗಿ ಮಣ್ಣು ಒತ್ತತೊಡಗಿದರು. ಮೊಬೈಲ್ ಹಿಡಿದರೆ, ಕೊಂಬೆಯ ಮೊಗ್ಗುಗಳೆಲ್ಲ ಸರಿಯಾಗಿ ಅವರ ತುರುಬಿನಲ್ಲೇ ಮುಡಿದಂತೆ ಕಂಡವು. ಸ್ವಲ್ಪ ಪಕ್ಕಕ್ಕೆ ಸರೀರಿ ಎನ್ನಲು ಮನಸ್ಸಾಗಲಿಲ್ಲ. ತೆಗೆದು ತೋರಿಸಿದೆ.

ಅವರ ಮಣ್ಣಿನ ಕೈ ತಾನಾಗಿ ತುರುಬಿನತ್ತ ಹೋಗಿ ಅರ್ಧಕ್ಕೇ ನಿಂತಿತು. ಡಿಲೀಟ್ ಮಾಡು ಎನ್ನುತ್ತಾರೇನೋ ಎಂದುಕೊಂಡೆ.

"ನಂಗ್ ಕಳ್ಸು," ಎಂದರು. "ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡ."