ಅಣ್ಣನ ಬಲಗಣ್ಣು ಮತ್ತು ಟರ್ನ್ ಮಾಮನ ಇಂಗ್ಲಿಷು

ಬೀದಿಯ ಮಕ್ಕಳು ಅವನಿಗೆ ಇಟ್ಟಿದ್ದ ಹೆಸರು ಟರ್ನ್ ಮಾಮ. ಮೂವತ್ತೆಂಟು ವರ್ಷ ಒಂದೇ ಫೋಟೋ ಸ್ಟುಡಿಯೋದಲ್ಲಿ, ಒಂದೇ ಮರದ ಸ್ಟೂಲಿನ ಎದುರು ನಿಂತು ಊರಿನವರ ಮುಖ ಹಿಡಿದವನು. ಅವನಿಗೆ ಬರುತ್ತಿದ್ದ ಇಂಗ್ಲಿಷು ಒಂದು ಹಿಡಿಯಷ್ಟು. ಆದರೆ ಬಂದಷ್ಟನ್ನು ಅವನ ಹಾಗೆ ಅಳೆದು ತೂಗಿ ಬಳಸುವವರನ್ನು ನಾನಂತೂ ಕಾಣೆ.

ಸ್ಟುಡಿಯೋದ ಹಳೆಯ ಯಜಮಾನರು ಅವನು ಕೆಲಸಕ್ಕೆ ಸೇರಿದ ದಿನವೇ ಪಾಠ ಹೇಳಿದ್ದರು. “ಈ ಕಡೆ ನೋಡಿ ಅಂದ್ರೆ ಗಿರಾಕಿ ಮೈ, ಕತ್ತು, ಕಣ್ಣು ಮೂರನ್ನೂ ಒಟ್ಟಿಗೆ ತಿರುಗಿಸ್ತಾನೆ. ಅದಕ್ಕೇ ಒಂದೊಂದಕ್ಕೆ ಒಂದೊಂದು ಮಾತು ಇಟ್ಕೋ. ಫೇಸ್ ಅಂದ್ರೆ ಮೈ ಇತ್ತ. ಟರ್ನ್ ಅಂದ್ರೆ ಕತ್ತು ಮಾತ್ರ. ಲುಕ್ ಅಂದ್ರೆ ಬರೀ ಕಣ್ಣು.”

“ಅಪಿಯರೆನ್ಸ್ ಅಂತಾರಲ್ಲ, ಅದು?”

“ಅದನ್ನ ಅವರು ಮನೆಯಿಂದಲೇ ತರಬೇಕು.”

ಮಾಮನಿಗೆ ಇದೇ ವೇದವಾಯಿತು. ಹೆಣ್ಣು ನೋಡಲು ಹೊರಟ ಗುಮಾಸ್ತನೊಬ್ಬ ಬಂದು “ಫೋಟೋದಲ್ಲಿ ಒಳ್ಳೇ ಲುಕ್ ಬರಬೇಕು ಸಾರ್” ಅಂದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. “ಲುಕ್ ಬರೋದಲ್ಲ ಸ್ವಾಮಿ, ಕೊಡೋದು. ನೀವು ಕೊಡಿ, ನಾನು ಹಿಡೀತೀನಿ. ನೀವು ಕೇಳ್ತಿರೋದು ಅಪಿಯರೆನ್ಸು. ಅದಕ್ಕೆ ಎದುರುಗಡೆ ಕ್ಷೌರದಂಗಡಿ ಇದೆ.” ಮನೆಯಲ್ಲಿಯೂ ಇದೇ ಚಾಳಿ. ಹೆಂಡತಿ ಒಲೆಯ ಕಡೆ ತಿರುಗಿಕೊಂಡು ಮಾತಾಡುತ್ತಿದ್ದರೆ “ಫೇಸ್” ಅನ್ನುತ್ತಿದ್ದ. ಅವಳು ತಿರುಗಿ ಕೊಡುತ್ತಿದ್ದ ಲುಕ್ಕಿಗೆ ಮಾತ್ರ ಮತ್ತೆ ಬಾಯಿ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಬಲ್ಲವನು ಒಂದೇ ಒಂದು ಸಲ ಎಡವಿದ್ದ. ಅದೂ ಸ್ವಂತ ಅಣ್ಣನ ವಿಷಯದಲ್ಲಿ.

ಅಣ್ಣ ಮಾರ್ಕೆಟ್ಟಿನ ಮಹಡಿಯಲ್ಲಿ ದರ್ಜಿ. ಹುಟ್ಟಿದಾಗಿನಿಂದ ಅವನ ಬಲಗಣ್ಣು ಸ್ವಲ್ಪ ಮೆಳ್ಳೆ. ಮನಸ್ಸು ಹಗುರವಾಗಿದ್ದರೆ ನೆಟ್ಟಗೇ ಇರುತ್ತದೆ, ಸಿಟ್ಟೋ ಸಂಕೋಚವೋ ಬಂತೆಂದರೆ ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ. ಹನ್ನೊಂದು ವರ್ಷದ ಹಿಂದೆ ಮಾಮನ ಮಗಳ ಮದುವೆಯಲ್ಲಿ ಮನೆಮಂದಿಯೆಲ್ಲ ನಿಂತ ಫೋಟೋವನ್ನು ಮಾಮನೇ ತೆಗೆದ. ಕಟ್ಟು ಹಾಕಿಸಿ ಗೋಡೆಗೆ ಏರಿಸಿದ ಮೇಲೆ ನೋಡಿದರೆ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅಣ್ಣನ ಬಲಗಣ್ಣು ಮಾತ್ರ ಊಟದ ಮನೆ ನೋಡುತ್ತಿದೆ. ಬೀಗರಲ್ಲಿ ಯಾರೋ ಒಬ್ಬರು, “ದೊಡ್ಡವರಿಗೆ ಪಾಪ ಹಸಿವಾಗಿತ್ತು ಅಂತ ಕಾಣುತ್ತೆ” ಅಂದರು. ಎಲ್ಲರೂ ನಕ್ಕರು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. ಅವನ ವಾದ ಇಷ್ಟೇ: ಊರವರ ಕಣ್ಣನ್ನೆಲ್ಲ ನೆಟ್ಟಗೆ ಮಾಡುವ ತಮ್ಮನಿಗೆ ಒಡಹುಟ್ಟಿದವನ ಕಣ್ಣು ಕಾಣಲಿಲ್ಲವೇ? ವಾದ ಸರಿಯಾಗಿಯೇ ಇತ್ತು. ಅದಕ್ಕೇ ಮಾಮನಿಗೆ ಉತ್ತರ ಹೊಳೆಯಲಿಲ್ಲ, ಉತ್ತರ ಹೊಳೆಯದವನು ಮಾಡುವಂತೆ ಅವನೂ ಮಾತು ಬಿಟ್ಟ.

ಹೀಗಿರುವಾಗ ಮಾರ್ಕೆಟ್ಟಿನ ಅಂಗಡಿಗಳವರೆಲ್ಲ ಶನಿವಾರದೊಳಗೆ ಫೋಟೋ ಇರುವ ಹೊಸ ಗುರುತಿನ ಚೀಟಿ ಮಾಡಿಸಬೇಕು, ಇಲ್ಲವಾದರೆ ಅಂಗಡಿ ಬೇರೆಯವರ ಪಾಲು ಎಂದು ಪುರಸಭೆ ಕಚೇರಿಯಿಂದ ನೋಟೀಸು ಬಂತು. ಅಣ್ಣ ಬೇರೆ ಬೇರೆ ಸ್ಟುಡಿಯೋಗಳಲ್ಲಿ ಮೂರು ಸಲ ಫೋಟೋ ತೆಗೆಸಿದ. ಕಚೇರಿಯ ಗುಮಾಸ್ತ ಮೂರನ್ನೂ ವಾಪಸು ಮಾಡಿದ. “ಅರ್ಜಿದಾರರು ಕ್ಯಾಮೆರಾ ನೋಡುತ್ತಿಲ್ಲ” ಎಂದು ಕೆಂಪು ಶಾಯಿಯಲ್ಲಿ ಷರಾ ಬೇರೆ.

ಬುಧವಾರ ಮಧ್ಯಾಹ್ನ ಅತ್ತಿಗೆ ಗಂಡನ ತೋಳು ಹಿಡಿದು ಸ್ಟುಡಿಯೋದೊಳಕ್ಕೆ ಎಳೆದುಕೊಂಡೇ ಬಂದಳು.

“ಫೋಟೋ ಬೇಕಂತೆ ಅಂತ ಅವನಿಗೆ ಹೇಳು” ಎಂದ ಅಣ್ಣ, ಗೋಡೆಯ ಕಡೆ ನೋಡುತ್ತ.

“ಕೂತ್ಕೋಬೇಕಂತೆ ಅಂತ ಅವನಿಗೆ ಹೇಳಿ ಅತ್ತಿಗೆ” ಎಂದ ಮಾಮ, ಕ್ಯಾಮೆರಾ ಒರೆಸುತ್ತ.

“ನಾನೇನು ಪೋಸ್ಟ್‌ಮ್ಯಾನಾ? ನಿಮ್ಮ ನಿಮ್ಮ ಬಾಯಿಗೆ ಏನಾಗಿದೆ?” ಎಂದು ಅತ್ತಿಗೆ ಬೆಂಚಿನ ಮೇಲೆ ಕೂತುಬಿಟ್ಟಳು.

ಅಣ್ಣ ಸ್ಟೂಲಿನ ಮೇಲೆ ಕೂತ. ಈಗೇನು ಗತಿ? ಮಾಮ ಗಂಟಲು ಸರಿಮಾಡಿಕೊಂಡು, “ಫೇಸ್” ಅಂದ. ಅಣ್ಣ ಎದೆ ತಿರುಗಿಸಿದ. “ಟರ್ನ್.” ಕತ್ತು ತಿರುಗಿತು. ಇದು ಕಸುಬಿನ ಭಾಷೆ, ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡಂತಿತ್ತು.

“ಲುಕ್.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎಡಗಣ್ಣು ಕ್ಯಾಮೆರಾಕ್ಕೆ ಬಂತು, ಬಲಗಣ್ಣು ಕಿಟಕಿಗೆ ಹೋಯಿತು. “ಲುಕ್” ಎಂದ ಮತ್ತೊಮ್ಮೆ. ಅಣ್ಣ ಹಲ್ಲು ಕಚ್ಚಿ ಪ್ರಯತ್ನಪಟ್ಟಷ್ಟೂ ಕಣ್ಣು ದೂರ ಹೋಯಿತು. ಕೆನ್ನೆ ಕೆಂಪಾಯಿತು, ಹಣೆಯಲ್ಲಿ ಬೆವರು. ಅರವತ್ತೆಂಟರ ಅಣ್ಣ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವನ ಹಾಗೆ ಕೂತಿರುವುದನ್ನು ಮಾಮ ಕ್ಯಾಮೆರಾದೊಳಗಿಂದ ನೋಡಿದ. ಈ ಕಣ್ಣು ಯಾವಾಗ ನೆಟ್ಟಗಾಗುತ್ತದೆ ಎಂದು ಭೂಮಿಯ ಮೇಲೆ ಬಲ್ಲವನು ತಾನೊಬ್ಬ. ಆದರೆ ಹಾಗೆ ಮಾಡಿಸುವ ಮಾತು ಯಜಮಾನರ ಪಾಠದಲ್ಲಿ ಇರಲಿಲ್ಲ.

ಅವನು ಕ್ಯಾಮೆರಾ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

“ಅಣ್ಣಾ, ಆವತ್ತು ನಾನು ನನ್ನ ಮಗಳನ್ನ ಬಿಟ್ಟು ಬೇರೆ ಯಾರನ್ನೂ ನೋಡ್ಲಿಲ್ಲ ಕಣಣ್ಣಾ. ನಿನ್ನನ್ನ ನೋಡಬೇಕಿತ್ತು. ತಪ್ಪು ನಂದೇ.”

ಅಣ್ಣ ಕರವಸ್ತ್ರ ತೆಗೆದು ಹಣೆಯ ಬೆವರು ಒರೆಸಿಕೊಂಡ.

“ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ?” ಎಂದ. “ನಾನು ಒಂದು ಅಂಗಿ ಹೊಲಿಯೋಕೆ ಇಷ್ಟು ದಿನ ತಗೊಂಡ್ರೆ ಗಿರಾಕಿಗೆ ಮೊಮ್ಮಕ್ಕಳಾಗಿಬಿಡ್ತಾರೆ!”

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ತನ್ನ ಮಾತಿಗೆ ತಾನೇ ನಕ್ಕ ಅಣ್ಣ. ಬಲಗಣ್ಣು ತೆಪ್ಪಗೆ ಬಂದು ಎಡಗಣ್ಣಿನ ಜೊತೆ ಕೂತಿತು. ಮಾಮ ಹಾರಿಬಂದು ಬಟನ್ ಒತ್ತಿದ.

ಗುರುವಾರ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಗುಮಾಸ್ತ ಆ ಫೋಟೋವನ್ನೂ ವಾಪಸು ಮಾಡಿದ್ದ: ಕಣ್ಣು ಸರಿಯಿದೆಯಂತೆ, ಹಲ್ಲು ಕಾಣಬಾರದಂತೆ. ಅಣ್ಣನಿಗೆ ಸಿಟ್ಟಿರಲಿಲ್ಲ. ಟೀ ತರಿಸಿ ಕುಡಿದರು, ಸೊಸೆಯಂದಿರ ಸುದ್ದಿ, ಮೊಣಕಾಲಿನ ಸುದ್ದಿ ಎಲ್ಲ ಆಯಿತು, ಮಧ್ಯಾಹ್ನದ ಹೊತ್ತಿಗೆ ತುಟಿ ಮುಚ್ಚಿದ ಫೋಟೋ ಒಂದನ್ನು ತೆಗೆದರು.

ಶುಕ್ರವಾರ ಅಣ್ಣ ಮತ್ತೆ ಬಾಗಿಲಲ್ಲಿ ಕಂಡಾಗ ಮಾಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ನಾಳೆಯೇ ಕಡೇ ದಿನ.

“ಇದೂ ವಾಪಸ್ ಬಂತಾ ಅಣ್ಣಾ?”

“ಇಲ್ಲ. ಚೀಟಿ ಕೊಟ್ರು. ಅಂಗಡಿ ಉಳೀತು.”

“ಮತ್ತೆ?”

ಅಣ್ಣ ಸ್ಟೂಲು ಎಳೆದುಕೊಂಡು ಕೂತ. “ಯಾಕೆ, ಫೋಟೋ ಬೇಡದೇ ಇದ್ರೆ ತಮ್ಮನ ಹತ್ರ ಬರಬಾರದಾ?”